ಒಂದು ಕಛೇರಿಗೆ ಒಂದು ಪೆನ್ನಿ

ಮಾನ್ಯರೇ,

ಮಗಳ ಮನೆಗೆಂದು ಮ್ಯಾಂಚೆಸ್ಟರಿಗೆ ಹೋಗಿದ್ದಾಗ ಅಲ್ಲಿನ ಹ್ಯಾಲೆ ಆರ್ಕೆಸ್ಟ್ರಾದ ಕಛೇರಿ ಕೇಳಿಬಂದ ತಾವು, ಇಂಥ ಸಂಸ್ಥೆಗಳು ಹುಟ್ಟಿನಿಂದಲೇ ಸಿರಿವಂತರವು, ಈಗ ಶಾಲೆ, ಬಡಾವಣೆ ಎಂದು ತಿರುಗುವುದೆಲ್ಲ ಅನುದಾನ ಉಳಿಸಿಕೊಳ್ಳುವ ತೋರಿಕೆಯಲ್ಲವೇ ಎಂದು ಕೇಳಿದ್ದೀರಿ. ನಮ್ಮಲ್ಲಿ ಆರ್ಕೆಸ್ಟ್ರಾ ಎಂದೊಡನೆ ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ತಂಡ ಕಣ್ಣಿಗೆ ಬರುವುದರಿಂದ, ಇಲ್ಲಿನ ಮಾತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ವಾದ್ಯವೃಂದವನ್ನು ಕುರಿತದ್ದೆಂದು ಉಳಿದ ಓದುಗರಿಗೆ ಮೊದಲೇ ತಿಳಿಸುತ್ತೇನೆ.

ತಮ್ಮ ಗುಮಾನಿ ಬೇರೆ ಕೆಲವು ಊರುಗಳಿಗೆ ಒಪ್ಪೀತು, ಹ್ಯಾಲೆಗೆ ಒಪ್ಪುವುದಿಲ್ಲ. 1848ರ ಕ್ರಾಂತಿಯಿಂದಾಗಿ ಪ್ಯಾರಿಸ್ ಬಿಟ್ಟುಬಂದ ಜರ್ಮನ್ ಪಿಯಾನೋವಾದಕ ಚಾರ್ಲ್ಸ್ ಹ್ಯಾಲೆಗೆ ಮ್ಯಾಂಚೆಸ್ಟರಿನಲ್ಲಿ ಸಿಕ್ಕಿದ್ದು ಚಂದಾದಾರ ಮಹನೀಯರಿಗಷ್ಟೇ ಬಾಗಿಲು ತೆರೆಯುತ್ತಿದ್ದ ಒಂದು ಸಂಗೀತಸಭೆ. ಅದರ ವಾದ್ಯವೃಂದವನ್ನು ಮೊದಲ ಸಲ ಕೇಳಿದಾಗ ಗಂಟುಮೂಟೆ ಕಟ್ಟಿಬಿಡೋಣವೆನಿಸಿತ್ತೆಂದು ಅವರೇ ಬರೆದಿದ್ದಾರೆ. 1857ರಲ್ಲಿ ಆ ಊರಿನಲ್ಲಿ ನಡೆದ ಭಾರಿ ಕಲಾಪ್ರದರ್ಶನಕ್ಕಾಗಿ ಅವರು ಒಳ್ಳೆಯ ವಾದಕರನ್ನು ಕೂಡಿಸಿದರು. ಪ್ರದರ್ಶನ ಮುಗಿದಾಗ ಆ ಮೇಳ ಚದುರಿಹೋಗಬಾರದೆಂದು, ಲಾಭನಷ್ಟವನ್ನು ತಮ್ಮ ತಲೆಯ ಮೇಲೆಯೇ ಹೊತ್ತು, 1858ರ ಜನವರಿ 30ರಂದು ಫ್ರೀ ಟ್ರೇಡ್ ಹಾಲ್ ಎಂಬ ಸಭಾಂಗಣದಲ್ಲಿ ಸಾರ್ವಜನಿಕ ಕಛೇರಿಗಳನ್ನು ಆರಂಭಿಸಿದರು. ಒಂದು ಶಿಲಿಂಗ್, ಅಂದರೆ ಹನ್ನೆರಡು ಪೆನ್ನಿ, ಕೊಟ್ಟವರಿಗೂ ಒಳಗೆ ಜಾಗವಿತ್ತು. ಮೊದಮೊದಲು ನಷ್ಟವಾಯಿತು. ಮೂವತ್ತು ಕಛೇರಿಗಳು ಮುಗಿದ ಮೇಲೆ ವ್ಯವಸ್ಥಾಪಕರು ತಂದು ಕೈಗಿತ್ತ ಲಾಭವೆಂದರೆ ಮೂರು ಪೆನ್ನಿಯ ಹತ್ತು ಹೊಸ ನಾಣ್ಯಗಳು, ಅಂದರೆ ಕಛೇರಿಯೊಂದಕ್ಕೆ ಒಂದು ಪೆನ್ನಿ. ಅನುದಾನವೆಂಬುದೇ ಇಲ್ಲದ ಕಾಲದ ಲೆಕ್ಕವಿದು.

ಎರಡನೆಯ ಸಂಗತಿ 1943ರದು. ಹ್ಯಾಲೆಯ ವಾದಕರಲ್ಲಿ ಹಲವರು ಬಿಬಿಸಿಯ ಕಾಯಂ ಕೆಲಸ ಹಿಡಿದುಬಿಟ್ಟಿದ್ದರು. ಫ್ರೀ ಟ್ರೇಡ್ ಹಾಲ್ ಬಾಂಬಿಗೆ ಸಿಕ್ಕಿ ಮೂರು ವರ್ಷವಾಗುತ್ತ ಬಂದಿತ್ತು. ನ್ಯೂಯಾರ್ಕಿನಿಂದ ಬಂದಿಳಿದ ಹೊಸ ವಾದ್ಯವೃಂದ ನಿರ್ದೇಶಕ ಜಾನ್ ಬಾರ್ಬಿರೋಲಿಗೆ ಉಳಿದಿದ್ದವರು ಸುಮಾರು ಮೂವತ್ತೈದು ಜನ. ಒಂದೇ ತಿಂಗಳಲ್ಲಿ, ಯುದ್ಧಕ್ಕೆ ಹೋಗದೆ ಊರಿನಲ್ಲಿದ್ದವರನ್ನೇ ಹುಡುಕಿ ಅವರು ತಂಡ ಕಟ್ಟಿದರು: ಮುಖ್ಯ ಕೊಳಲಿಗೆ ಶಾಲೆಗೆ ಹೋಗುತ್ತಿದ್ದ ಹುಡುಗ, ಹಾರ್ನ್ ಎಂಬ ಕೊಂಬುವಾದ್ಯ ಊದಲು ಒಬ್ಬ ಶಾಲಾ ಶಿಕ್ಷಕಿ, ಹಿತ್ತಾಳೆ ವಾದ್ಯಗಳಿಗೆ ಸುತ್ತಲಿನ ಬ್ಯಾಂಡುಗಳವರು. ಆಮೇಲಿನ ಹಲವು ವರ್ಷ ಅವರ ಎಷ್ಟೋ ಕಛೇರಿಗಳು ನಡೆದದ್ದು ಬೆಲ್ ವ್ಯೂ ಮೃಗಾಲಯದ ಆವರಣದಲ್ಲಿದ್ದ, ಸರ್ಕಸ್ಸಿನ ಸಭಾಂಗಣದಲ್ಲಿ. ಊರಿನ ಬಳಿಗೆ ಆರ್ಕೆಸ್ಟ್ರಾ ಹೋಯಿತು ಅನ್ನುವುದಕ್ಕಿಂತ ಊರೇ ಎದ್ದುಬಂದು ಅದರೊಳಗೆ ಕುಳಿತಿತು ಅನ್ನಬೇಕು.

ಆದ್ದರಿಂದ ಶಾಲಾ ಮಕ್ಕಳ ಕಛೇರಿಗಳಾಗಲಿ, ಮಕ್ಕಳ ಗಾಯನವೃಂದ, ಯುವ ಆರ್ಕೆಸ್ಟ್ರಾಗಳಾಗಲಿ ಈಚೆಗೆ ಅಂಟಿಸಿದ ತೇಪೆಗಳೆಂದು ನನಗೆ ತೋರುವುದಿಲ್ಲ. ಅನುದಾನದ ಅರ್ಜಿಯಲ್ಲಿ ಇವೆಲ್ಲ ಚೆನ್ನಾಗಿ ಕಾಣುತ್ತವೆ ಎಂಬ ತಮ್ಮ ಮಾತನ್ನು ಮಾತ್ರ ಒಪ್ಪುತ್ತೇನೆ. ಕಾಣಲಿ ಬಿಡಿ, ಕಲಿಯುವ ಮಗುವಿಗೆ ಅದರಿಂದ ನಷ್ಟವೇನೂ ಇಲ್ಲ.

ತಾವು ಕಛೇರಿ ಕೇಳಿದ ಬ್ರಿಜ್‌ವಾಟರ್ ಹಾಲ್ 1996ರಿಂದ ಈಚೆಗೆ ಅವರ ನೆಲೆ. ಅವರ ತಾಲೀಮು ನಡೆಯುವುದು ಆಂಕೋಟ್ಸ್‌ನಲ್ಲಿ, ಹತ್ತಿ ಗಿರಣಿಗಳ ಹಳೆಯ ಕಾರ್ಮಿಕ ಬಡಾವಣೆಯಲ್ಲಿ. ಪೂಜೆ ನಿಂತು ದಶಕಗಳ ಕಾಲ ಪಾಳುಬಿದ್ದಿದ್ದ ಸೇಂಟ್ ಪೀಟರ್ಸ್ ಚರ್ಚನ್ನು ದುರಸ್ತಿ ಮಾಡಿಸಿ ಅದಕ್ಕೆ ಬಳಸುತ್ತಿದ್ದಾರೆ. ಆ ಬಡಾವಣೆಯ ಹೆಸರಿನಲ್ಲೇ ಅಲ್ಲೊಂದು ಗಾಯನವೃಂದವೂ ಇದೆ. ಮುಂದಿನ ಸಲ ಹೋದಾಗ ಅದನ್ನೂ ಕೇಳಿಬಂದು ಮತ್ತೊಮ್ಮೆ ಬರೆಯಿರಿ. ಆಗಲೂ ಗುಮಾನಿ ಉಳಿದಿದ್ದರೆ ಆ ಪತ್ರವನ್ನೂ ಪ್ರಕಟಿಸುತ್ತೇನೆ.

— ಸಂಪಾದಕ