‘ಜ್ಯಾಂಗೋ’ ಆಲ್ಬಂ: ಪಿಯಾನೊ ಯಾವುದು, ವೈಬ್ರಫೋನ್ ಯಾವುದು?

ನಾಲ್ವರ ಅಮೆರಿಕನ್ ಜಾಝ್ ತಂಡ ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ‘ಜ್ಯಾಂಗೋ’ ಆಲ್ಬಂ ಅನ್ನು ಮೊಬೈಲಿನಲ್ಲಿ ಎರಡು ಸಲ ಕೇಳಿದರೂ ಪಿಯಾನೊ, ವೈಬ್ರಫೋನ್ ಎರಡೂ ಕಲಸಿಹೋಗುತ್ತವೆ, ಬೇರ್ಪಡಿಸುವುದು ಹೇಗೆ ಎಂದು ಕೇಳಿದ್ದೀರಿ. ಕಿವಿಯನ್ನು ದೂರಬೇಡಿ. ಅದು 1953ರಿಂದ 1955ರ ನಡುವಿನ ಮಾನೊ ಧ್ವನಿಮುದ್ರಣ. ಎಡಕ್ಕೊಂದು, ಬಲಕ್ಕೊಂದು ಎಂದು ವಾದ್ಯಗಳನ್ನು ಹಂಚಿಟ್ಟಿಲ್ಲ. ಮೇಲಾಗಿ ಎರಡೂ ಬಡಿತದಿಂದಲೇ ನುಡಿಯುವಂಥವು: ಪಿಯಾನೊದಲ್ಲಿ ಪುಟ್ಟ ಸುತ್ತಿಗೆ ತಂತಿಗೆ ಬೀಳುತ್ತದೆ, ವೈಬ್ರಫೋನಿನಲ್ಲಿ ಉಂಡೆತಲೆಯ ಕೋಲು ಅಲ್ಯೂಮಿನಿಯಂ ಪಟ್ಟಿಗೆ.

ಹಾಗಾಗಿ ಬಡಿತವನ್ನು ಬಿಟ್ಟು ಸ್ವರದ ಬಾಲವನ್ನು ಹಿಡಿಯಿರಿ. ವೈಬ್ರಫೋನಿನ ಪಟ್ಟಿಗಳ ಕೆಳಗೆ ಕೊಳವೆಗಳಿವೆ, ಅವುಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳಿವೆ. ಬಿಲ್ಲೆ ಬಾಯಿ ಮುಚ್ಚಿ ತೆರೆದಂತೆಲ್ಲ ನಾದ ಇಳಿದು ಏರುತ್ತದೆ. ತಂಡದ ವೈಬ್ರಫೋನ್ ವಾದಕ ಮಿಲ್ಟ್ ಜಾಕ್ಸನ್ ಆ ಮೋಟಾರನ್ನು ನಿಧಾನಕ್ಕೆ ಓಡಿಸುತ್ತಿದ್ದರು. ಆದ್ದರಿಂದ ಅವರ ದೀರ್ಘ ಸ್ವರಗಳಲ್ಲಿ ಗಡಗಡ ನಡುಕವಿಲ್ಲ, ಉಸಿರಾಡಿದಂಥ ಅಲೆ ಇದೆ. ಪಿಯಾನೊದ ಸ್ವರ ಅಲೆಯಿಲ್ಲದೆ ಸುಮ್ಮನೆ ಕರಗುತ್ತದೆ.

ಮೊದಲು ಇದೇ ಆಲ್ಬಂನ ‘ಲಾ ರೋಂಡ್ ಸ್ವೀಟ್’ ಹಾಕಿ. ಅದರ ನಾಲ್ಕು ಭಾಗಗಳಲ್ಲಿ ಸರದಿಯಂತೆ ಪಿಯಾನೊ, ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ವೈಬ್ರಫೋನ್, ಡ್ರಮ್ಸ್ ಮುಂದೆ ಬರುತ್ತವೆ. ಒಂದನೆಯದನ್ನೂ ಮೂರನೆಯದನ್ನೂ ಬೆನ್ನುಬೆನ್ನಿಗೆ ಕೇಳಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಆಮೇಲೆ ಶೀರ್ಷಿಕೆಯ ರಚನೆಗೆ ಬನ್ನಿ. 1953ರಲ್ಲಿ ತೀರಿಕೊಂಡ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ನೆನಪಿಗೆ ತಂಡದ ಪಿಯಾನೊ ವಾದಕ ಜಾನ್ ಲೂಯಿಸ್ ಕಟ್ಟಿದ್ದು. ಆರಂಭ ಶವಯಾತ್ರೆಯ ನಡಿಗೆ, ನಂತರ ಲಯ ಚುರುಕಾಗುತ್ತದೆ. ಇಲ್ಲೊಂದು ಗುಂಡಿ ಇದೆ: ಚುರುಕಾದ ಭಾಗದಲ್ಲಿ ಒಂದು ಸುತ್ತಿನ ಲೆಕ್ಕ 32 ಬಾರ್ (ತಾಳದ ಪುಟ್ಟ ಆವರ್ತ) ನಿಜ, ಆದರೆ ಅದು ಎಂಟರ ನಾಲ್ಕು ತುಂಡಲ್ಲ, 6, 6, 8, 12. ಬೆರಳು ಮಡಚಿ ಎಂಟೆಂಟು ಎಣಿಸುತ್ತ ಕೂತ ನಾನು ವಾರಗಟ್ಟಲೆ ಎಡವಿದೆ. ಜಾಕ್ಸನ್ ನುಡಿಸುವಾಗ ಹಿಂದೆ ಲೂಯಿಸ್ ಏನು ಮಾಡುತ್ತಾರೆ ಗಮನಿಸಿ. ಕೈತುಂಬ ಸ್ವರ ಸುರಿಯುವುದಿಲ್ಲ, ಒಂದು ತೆಳುವಾದ ಎಳೆಯನ್ನು ಪಕ್ಕದಲ್ಲಿ ಹೆಣೆಯುತ್ತಾರೆ. ಜಿಪುಣ ಕೈ ಎಂದು ಮೂಗು ಮುರಿಯುವವರಿದ್ದಾರೆ. ಆ ಜಿಪುಣತನವಿಲ್ಲದಿದ್ದರೆ ಈ ಎರಡು ವಾದ್ಯಗಳು ಒಂದೇ ಕೋಣೆಯಲ್ಲಿ ಬಾಳುತ್ತಿರಲಿಲ್ಲ ಎಂದು ನನ್ನ ವಾದ.

ಇಯರ್‌ಫೋನ್ ಹಾಕಿಯೇ ಕೇಳಿ. ಮೊಬೈಲಿನ ಸ್ಪೀಕರ್ ಪರ್ಸಿ ಹೀತ್ ಅವರ ಬಾಸನ್ನು ನುಂಗಿಬಿಡುತ್ತದೆ; ಬಾಸ್ ಹೋದರೆ ಬಾರ್ ಎಣಿಸಲು ಹಿಡಿತವೇ ಇರುವುದಿಲ್ಲ.

ಇದು ರುಚಿಸಿದರೆ ಮುಂದಕ್ಕೆ ಇದೇ ತಂಡದ 1955ರ ಆಲ್ಬಂ ‘ಕಾಂಕಾರ್ಡ್’. ಅದರಲ್ಲಿ ಡ್ರಮ್ಸ್‌ಗೆ, ‘ಜ್ಯಾಂಗೋ’ದಲ್ಲಿದ್ದ ಕೆನ್ನಿ ಕ್ಲಾರ್ಕ್ ಬದಲು ಕಾನಿ ಕೇ ಇದ್ದಾರೆ. ಅವರ ಕೈ ಇನ್ನಷ್ಟು ಹಗುರ.