ಗಡ್ಡೆ ಪೂರ್ತಿ ಕರಗುವ ಮೊದಲೇ ಮಾತ್ರೆ ನಿಲ್ಲಿಸುವುದು ಯಾಕೆ?

ನಿಮ್ಮ ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲಿ, ಪಿಎಸ್‌ಎ (ಗಡ್ಡೆಯ ಏರಿಳಿತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಅರ್ಧಕ್ಕೆ ಇಳಿದ ಕೂಡಲೇ ಮಾತ್ರೆ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದಲ್ವಾ ಎಂದು ಕೇಳಿದ್ದೀರಿ. ಹೌದು, ಬೆಳೆಯುತ್ತದೆ. ಆದರೆ ಯಾವ ಕೋಶಗಳು ಬೆಳೆಯುತ್ತವೆ ಅನ್ನೋದೇ ಮುಖ್ಯ.

ಗಡ್ಡೆಯಲ್ಲಿ 100 ಕೋಶ ಇವೆ ಅಂದುಕೊಳ್ಳಿ. 99 ಔಷಧಿಗೆ ಸಾಯುವಂಥವು, ಒಂದು ಮಾತ್ರ ಜಗ್ಗದ್ದು. ಇರುವ ಅದೇ ಜಾಗ, ಆಹಾರಕ್ಕೆ ಇವೆಲ್ಲ ಪೈಪೋಟಿ ನಡೆಸುತ್ತವೆ. ಆ 99 ಇರುವವರೆಗೆ ಈ ಒಂದು ತಲೆ ಎತ್ತುವುದು ಕಷ್ಟ. ಅವನ್ನೆಲ್ಲ ಕೊಂದರೆ ಹೊಲವೆಲ್ಲ ಇದರದ್ದೇ. ಆಮೇಲೆ ಅದೇ ಔಷಧಿ ನಾಟುವುದಿಲ್ಲ. ಅದಕ್ಕೇ ಮಾತ್ರೆ ಮೊದಲೇ ನಿಲ್ಲಿಸಿ, ಔಷಧಿಗೆ ಸಾಯುವ ಕೋಶಗಳನ್ನೇ ಮತ್ತೆ ಬೆಳೆಯಲು ಬಿಡುವುದು. ಲೋಟ್ಕಾ-ವೋಲ್ಟೆರಾ ಎಂಬ ಗಣಿತದ ಸಮೀಕರಣ ಲೆಕ್ಕ ಹಾಕುವುದು ಈ ಪೈಪೋಟಿಯನ್ನೇ. ಪಕ್ಕದ ಗುಂಪು ದೊಡ್ಡದಾದಷ್ಟೂ ಈ ಗುಂಪಿನ ಬೆಳವಣಿಗೆ ನಿಧಾನ.

ಫ್ಲೋರಿಡಾದ ಮೊಫಿಟ್ ಕ್ಯಾನ್ಸರ್ ಕೇಂದ್ರದಲ್ಲಿ ರಾಬರ್ಟ್ ಗೇಟನ್‌ಬಿ ಅವರ ತಂಡ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಇದನ್ನು ಮಾಡಿ ನೋಡಿತು. ಪಿಎಸ್‌ಎ ಅರ್ಧಕ್ಕೆ ಇಳಿದಾಗ ಅಬಿರಾಟೆರೋನ್ ಎಂಬ ಮಾತ್ರೆ ನಿಲ್ಲಿಸಿದರು, ಮೊದಲಿನ ಮಟ್ಟಕ್ಕೆ ಏರಿದಾಗ ಮತ್ತೆ ಶುರು. 2017ರ ವರದಿಯಲ್ಲಿದ್ದವರು 11 ಜನ. ಮಾಮೂಲಿನ ಅರ್ಧಕ್ಕಿಂತ ಕಡಿಮೆ ಔಷಧಿ ಸಾಕಾಯಿತು, ರೋಗ ಹತೋಟಿಯಲ್ಲಿದ್ದ ಕಾಲವೂ ಜಾಸ್ತಿ. ನನಗಂತೂ ತುಂಬ ಭರವಸೆ ಕೊಟ್ಟ ಕೆಲಸ ಇದು. ಆದರೂ 11 ಜನ ಅಂದರೆ ಚಿಕ್ಕ ಗುಂಪು. ಪೂರ್ತಿ ಗುಣವಾಗಬಲ್ಲ ಕ್ಯಾನ್ಸರ್‌ಗೆ ಈ ಲೆಕ್ಕ ಹಾಕಬಾರದು. ನಿಮ್ಮ ತಂದೆಯವರ ಮಾತ್ರೆಯನ್ನು ದಯವಿಟ್ಟು ನೀವೇ ನಿಲ್ಲಿಸಬೇಡಿ, ಪಿಎಸ್‌ಎ ರಿಪೋರ್ಟುಗಳನ್ನೆಲ್ಲ ಹಿಡಿದು ಡಾಕ್ಟರ ಹತ್ತಿರ ಮಾತಾಡಿ.