ಹಗೇವಿನ ಜೋಳವೂ ಉಸಿರಾಡುತ್ತದೆ

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೇ ಹಗೇವು (ನೆಲದೊಳಗೆ ಕಾಳು ತುಂಬಿಡುವ ಗುಂಡಿ) ಇದೆ. ಬಾಯಿ ತೆಗೆದ ಕೂಡಲೇ ಇಳಿಯಬೇಡ, ಉಸಿರುಗಟ್ಟುತ್ತದೆ ಅಂತ ಅಜ್ಜ ಬೈಯುತ್ತಾರೆ. ಒಳಗಿರೋದು ಬರೀ ಜೋಳ ಅಲ್ವಾ? ವಿಷ ಎಲ್ಲಿಂದ ಬಂತು?
- ಓದುಗರೊಬ್ಬರು, ಸಿಂದಗಿ ತಾಲ್ಲೂಕು

ಉತ್ತರ: ಅಜ್ಜನ ಮಾತು ಕೇಳಿ. ಅವರು ಹೇಳಿದ್ದು ನೂರಕ್ಕೆ ನೂರು ನಿಜ.

ಒಂದು ಜೋಳದ ಕಾಳು ತೆಗೆದು ನೋಡಿ. ತೊಟ್ಟಿನ ಕಡೆ ಸಣ್ಣ ಗುಳಿಯಂಥ ಜಾಗ ಕಾಣುತ್ತದೆ. ಅಲ್ಲಿದೆ ಮೊಳಕೆ, ಅದಕ್ಕೆ ಜೀವ ಇದೆ. ಜೀವ ಇದ್ದ ಮೇಲೆ ಊಟ ಬೇಕು. ಕಾಳಿನ ಹಿಟ್ಟೇ ಅದರ ಬುತ್ತಿ. ಆ ಹಿಟ್ಟು ಒಡೆದು ಗ್ಲೂಕೋಸ್ ಆಗುತ್ತದೆ, ಆ ಗ್ಲೂಕೋಸ್‌ನಿಂದ ಜೀವಕೋಶ ಶಕ್ತಿ ತೆಗೆಯುತ್ತದೆ. ನಾವು ತಿಂದ ರೊಟ್ಟಿಯಿಂದ ನಮ್ಮ ಮೈ ತೆಗೆಯುವುದೂ ಇದೇ ದಾರಿಯಲ್ಲಿ.

ಸಕ್ಕರೆಯನ್ನು ಒಮ್ಮೆಲೇ ಸುಟ್ಟರೆ ಎಲ್ಲಾ ಬಿಸಿಯಾಗಿ ಹೋಗುತ್ತದೆ, ಕೋಶವೂ ಉಳಿಯುವುದಿಲ್ಲ. ಹಾಗಾಗಿ ಈ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಮೊದಲು ಗ್ಲೂಕೋಸ್ ಎರಡು ಹೋಳಾಗುತ್ತದೆ, ಇದಕ್ಕೆ ಆಮ್ಲಜನಕ ಬೇಡ, ಸಿಗುವುದು ಮಾತ್ರ ಬರೀ 2 ಎಟಿಪಿ. ಎಟಿಪಿ ಅಂದರೆ ಕೋಶ ನೇರವಾಗಿ ಖರ್ಚು ಮಾಡುವ ಶಕ್ತಿಯ ಅಣು. ಆಮೇಲೆ ಆ ಹೋಳುಗಳು ಕೋಶದ ಶಕ್ತಿ ಕೇಂದ್ರವಾದ ಮೈಟೊಕಾಂಡ್ರಿಯಾದೊಳಗೆ ಹೋಗಿ ಪೂರ್ತಿ ಕಳಚಿಕೊಳ್ಳುತ್ತವೆ. ಇಂಗಾಲ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಉಳಿದ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟುತ್ತಾ ಹೋಗುವಾಗ ಪ್ರೋಟಾನ್‌ಗಳನ್ನು ಒಂದು ಪೊರೆಯ ಆಚೆ ತಳ್ಳಿ ಕೂಡಿಹಾಕುತ್ತವೆ. ಅವು ವಾಪಸ್ ನುಗ್ಗುವಾಗ, ಆಲಮಟ್ಟಿಯಲ್ಲಿ ನೀರು ಟರ್ಬೈನ್ ತಿರುಗಿಸುವ ಹಾಗೆ, ಒಂದು ಪುಟ್ಟ ಪ್ರೋಟೀನ್ ಯಂತ್ರ ನಿಜವಾಗಿಯೂ ಗಿರಗಿರ ತಿರುಗಿ ಎಟಿಪಿ ತಯಾರಿಸುತ್ತದೆ. ಪ್ರೋಟಾನ್‌ಗಳ ಈ ವಿಚಾರವನ್ನು 1961ರಲ್ಲಿ ಬ್ರಿಟನ್ನಿನ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ ಮುಂದಿಟ್ಟರು, 1978ರಲ್ಲಿ ಅದಕ್ಕೆ ನೊಬೆಲ್ ಬಂತು. ಕೊನೆಗೆ ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಂಡು ನೀರಾಗುವುದೇ ಆಮ್ಲಜನಕದ ಕೆಲಸ. ಅದು ಇಲ್ಲದಿದ್ದರೆ ಇಡೀ ಸಾಲು ನಿಂತುಬಿಡುತ್ತದೆ. ಉಸಿರುಗಟ್ಟುವುದು ಅಂದರೆ ಇದೇ.

ಈಗ ಲೆಕ್ಕ ನೋಡಿ. 180 ಗ್ರಾಂ ಗ್ಲೂಕೋಸ್ ಪೂರ್ತಿ ಬಳಕೆಯಾದರೆ 192 ಗ್ರಾಂ ಆಮ್ಲಜನಕ ಖಾಲಿ, 264 ಗ್ರಾಂ ಇಂಗಾಲದ ಡೈಆಕ್ಸೈಡ್ ತಯಾರು. ಒಣಗಿದ ಕಾಳು ತೀರಾ ನಿಧಾನವಾಗಿ ಉಸಿರಾಡುತ್ತದೆ ನಿಜ, ಆದರೆ ಮುಚ್ಚಿದ ಹಗೇವಿನಲ್ಲಿ ಕ್ವಿಂಟಲ್‌ಗಟ್ಟಲೆ ಕಾಳು ತಿಂಗಳುಗಟ್ಟಲೆ ಇರುತ್ತದಲ್ಲ. ತೇವ ಸೇರಿದರೆ ಇದು ಇನ್ನೂ ಜಾಸ್ತಿ, ಬೂಷ್ಟೂ ಉಸಿರಾಡುತ್ತದೆ, ಕಾಳು ಬಿಸಿಯಾಗುತ್ತದೆ. ಹುಳ ಬದುಕದೆ ಜೋಳ ಉಳಿಯುವುದೂ ಆಮ್ಲಜನಕ ಕಡಿಮೆಯಾದ ಈ ಗಾಳಿಯಿಂದಲೇ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಬಾಯಿ ತೆರೆದರೂ ತಳದಲ್ಲೇ ಕೂತಿರುತ್ತದೆ.

ಹಿಂದಿನವರು ದೀಪ ಇಳಿಸಿ ನೋಡುತ್ತಿದ್ದರು. ಆರಿದರೆ ಇಳಿಯುತ್ತಿರಲಿಲ್ಲ. ಆದರೆ ದೀಪ ಉರಿಯಿತು ಅಂತ ಸುಮ್ನೆ ಧೈರ್ಯ ಮಾಡಬೇಡಿ, ಡೈಆಕ್ಸೈಡ್ ಜಾಸ್ತಿ ಇದ್ದರೂ ಅದು ಉರಿಯಬಹುದು. ಬ್ಲೋವರ್ ಹಚ್ಚಿ ಹೊಸ ಗಾಳಿ ತಳದವರೆಗೆ ಬಿಡಿ. ಯಾರಾದರೂ ಒಳಗೆ ಬಿದ್ದರೆ ಎತ್ತಲು ಹಿಂದೆಯೇ ಜಿಗಿಯಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ.

ಪ್ರಶ್ನೆ: ಒಂದು ಗ್ಲೂಕೋಸ್‌ಗೆ 38 ಎಟಿಪಿ ಅಂತ ಪುಸ್ತಕದಲ್ಲಿದೆ, ನಮ್ಮ ಸರ್ 30-32 ಅಂತಾರೆ. ಯಾವುದು ಸರಿ?
- ಪಿಯು ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಸರ್ ಹೇಳಿದ್ದೇ ಈಗಿನ ಲೆಕ್ಕ. ಮೊದಲು ಎಲೆಕ್ಟ್ರಾನ್ ಹೊತ್ತು ತರುವ ಒಂದು ಎನ್‌ಎಡಿಎಚ್ ಅಣುವಿಗೆ 3 ಎಟಿಪಿ ಹಿಡಿಯುತ್ತಿದ್ದರು, ಈಗ ಸುಮಾರು 2.5. ಪರೀಕ್ಷೆಗೆ ಮಾತ್ರ ನಿಮ್ಮ ಪುಸ್ತಕದಲ್ಲಿರುವುದನ್ನೇ ಬರೆಯಿರಿ.